ಕಿತ್ತಳೆ ಚೀಟಿ

ಕಾರಿನ ಸೀಟಿಗೆ ಹೊದಿಕೆ ಹೊಲಿಯುವುದು ನನ್ನ ಕಸುಬು. ಚಂದ್ರಾ ಲೇಔಟಿನಲ್ಲಿ ಅಪ್ಪ ಇಟ್ಟ ಅಂಗಡಿ, ಅಪ್ಪನ ನಂತರ ನನ್ನದಾಯಿತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಫೋಮಿನ ಹಾಳೆಗಳ ರಾಶಿ. ಗಿರಾಕಿ ಹೊಸ ಸೀಟಿನ ಮೇಲೆ ಕೂತು, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿ, 'ಸೂಪರ್ ಅಣ್ಣ' ಅಂದರೆ ನನಗೆ ಆವತ್ತು ಎರಡು ಮುದ್ದೆ ಹೆಚ್ಚಿಗೆ ಇಳಿಯುತ್ತದೆ. ಹೊಗಳದಿದ್ದರೆ ಮುಖ ಊದಿಸಿಕೊಂಡು ಕೂರುತ್ತೇನೆ. ಇದು ನನ್ನ ಹೆಂಡತಿ ಹೇಳುವ ಮಾತು, ನಿಜವೇ.

ಇಂಥವನು ಮಾಡಿದ ಒಂದು ಸೀಟಿನ ಬಗ್ಗೆ ಬರೆಯುತ್ತಿದ್ದೇನೆ. ಅಷ್ಟು ಚೆಂದದ ಸೀಟನ್ನು ನಾನು ಅದಕ್ಕೆ ಮೊದಲು ಹೊಲಿದಿರಲಿಲ್ಲ, ಆಮೇಲೂ ಹೊಲಿದಿಲ್ಲ. ನೆನಪಾದರೆ ಈಗಲೂ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ನನ್ನ ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ನರ್ಸಿಂಗ್ ಓದಿ, ಮದುವೆಯಾಗಿ, ಗಂಡನ ಜೊತೆ ಐರ್ಲೆಂಡಿಗೆ ಹೋದಳು. ಅವಳು ಅಲ್ಲಿನ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಯಲ್ಲಿ, ಅವಳ ಗಂಡ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ. ಮಗ ಹುಟ್ಟಿದ್ದು ಅಲ್ಲೇ. ಮಗುವಿಗೆ ಮೂರನೇ ವರ್ಷ ನಡೆಯುತ್ತಿರುವಾಗ, ಜವಳ ತೆಗೆಸಲು ಊರಿಗೆ ಬರುತ್ತೇನೆ ಎಂದು ಹೇಳಿದಳು. ನಮ್ಮಲ್ಲಿ ಮಗುವಿನ ಮೊದಲ ಕೂದಲು ತೆಗೆಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ಮಾವ ಎಂದರೆ ನಾನು. ನಂಜನಗೂಡಿನಲ್ಲಿ ಎಂದು ನಮ್ಮ ಅವ್ವ ಹರಕೆ ಹೊತ್ತಿದ್ದಳು.

ಬರುವುದಕ್ಕೆ ಎರಡು ತಿಂಗಳಿರುವಾಗ ಒಂದು ಭಾನುವಾರ ತಂಗಿ ಫೋನ್ ಮಾಡಿದಳು. ಅವ್ವನ ಮಾತೆಲ್ಲ ಮುಗಿದ ಮೇಲೆ ನನ್ನನ್ನು ಕರೆಸಿದಳು.

"ಅಣ್ಣಾ, ನಿನ್ನಿಂದ ಒಂದು ಕೆಲ್ಸ ಆಗ್ಬೇಕಿತ್ತು. ಪಾಪುಗೆ ಒಂದು ಕಾರ್ ಸೀಟ್ ತಗೊಂಡಿಡ್ತೀಯಾ?"

"ಕಾರ್ ಸೀಟ್ ಅಂಗಡಿಯವನ ಹತ್ರ ಕಾರ್ ಸೀಟ್ ಕೇಳ್ತೀಯಲ್ಲೇ," ಎಂದು ನಕ್ಕೆ.

"ತಮಾಷೆ ಅಲ್ಲ ಕಣೋ. ಮಕ್ಳುದ್ದು. ಇಲ್ಲಿ ಅದಿಲ್ದೆ ಹೆರಿಗೆ ಆಸ್ಪತ್ರೆಯಿಂದ ಮಗೂನ ಮನೆಗೇ ಕಳ್ಸಲ್ಲ."

"ಹಂಗಾದ್ರೆ ಅಲ್ಲಿಂದ್ಲೇ ಎತ್ಕೊಂಡ್ ಬಾ."

"ಲಗೇಜಲ್ಲಿ ಹಾಕಿದ್ರೆ ಎತ್ತಿ ಎತ್ತಿ ಎಸೀತಾರೆ. ಒಳಗೆ ಎಲ್ಲಾದ್ರೂ ಬಿರುಕು ಬಿಟ್ರೆ ಮೇಲೆ ಗೊತ್ತಾಗಲ್ಲ. ಆಮೇಲೆ ಅದನ್ನ ನಂಬಿ ಕೂರ್ಸಕ್ಕಾಗಲ್ಲ. ಆರು ವಾರ ಇರ್ತೀವಲ್ಲ, ಅಲ್ಲೇ ಹೊಸ್ದು ತಗೊಂಡ್ರೆ ನಿಶ್ಚಿಂತೆ."

ನಂತರ ಆಸ್ಪತ್ರೆಯಲ್ಲಿ ರೋಗಿಗೆ ಮಾತ್ರೆ ಹೇಳಿಕೊಡುವವಳ ಹಾಗೆ ಒಂದೊಂದೇ ಹೇಳಿದಳು. ಮಗು ಹದಿಮೂರು ಕೆಜಿ, ಆ ತೂಕದವರಿಗೆಂದೇ ಮಾಡಿದ್ದಾಗಿರಬೇಕು. ಎರಡು ಹೆಗಲಿಗೆ, ಎರಡು ಸೊಂಟಕ್ಕೆ, ಕಾಲುಗಳ ನಡುವೆ ಒಂದು, ಹೀಗೆ ಐದು ಕಡೆ ಪಟ್ಟಿ ಇರಬೇಕು. ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಇರಬೇಕು. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಸೀಟಿನ ಪಕ್ಕದಲ್ಲಿ ಒಂದು ಕಿತ್ತಳೆ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಒಂದು ವೃತ್ತ, ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ, ಕೆಳಗೆ ಒಂದಷ್ಟು ನಂಬರು. ಕಾರನ್ನು ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡಿ ಪಾಸಾದರೆ ಮಾತ್ರ ಆ ಚೀಟಿ ಕೊಡುತ್ತಾರೆ. ಅದಿಲ್ಲದ್ದನ್ನು ಕೊಳ್ಳಬೇಡ.

"ನಾವಿಬ್ರೂ ಅಪ್ಪನ ಸ್ಕೂಟರ್ ಮುಂದೆ ನಿಂತ್ಕೊಂಡೇ ದೊಡ್ಡೋರಾದ್ವಲ್ಲೇ," ಎಂದೆ. "ಯಾವ ಚೀಟಿ ಇತ್ತು ಆಗ?"

"ನಾನು ಕ್ಯಾಶುವಾಲ್ಟೀಲಿ ಕೆಲ್ಸ ಮಾಡೋದು ಅಣ್ಣಾ. ನೋಡಿದೀನಿ," ಎಂದಳು. ಏನು ನೋಡಿದ್ದಳೋ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹುಡುಕಲಿಲ್ಲ ಎಂದಲ್ಲ. ಆಗಿನ್ನೂ ಬೆಂಗಳೂರಿನಲ್ಲಿ ಅಂಥ ಸೀಟು ಇಡುವ ಅಂಗಡಿಗಳು ಬೆರಳೆಣಿಕೆಯಷ್ಟು. ವಿಜಯನಗರ, ರಾಜಾಜಿನಗರ ಸುತ್ತಿದೆ. ಮಕ್ಕಳ ತೊಟ್ಟಿಲು, ವಾಕರ್, ಮೂರು ಚಕ್ರದ ಸೈಕಲ್ಲು ಬೇಕಾದಷ್ಟಿದ್ದವು. ಕೊನೆಗೆ ಕಂಟೋನ್ಮೆಂಟ್ ಕಡೆಯ ಒಂದು ದೊಡ್ಡ ಅಂಗಡಿಯಲ್ಲಿ ಒಂದೇ ಒಂದು ಇತ್ತು. ಸೇಲ್ಸಿನವನು ಅಟ್ಟದಿಂದ ಇಳಿಸಿ, ಧೂಳು ಒರೆಸಿ ಮುಂದಿಟ್ಟ. ಕಿತ್ತಳೆ ಚೀಟಿ ಇತ್ತು. ಐದು ಪಟ್ಟಿ ಇತ್ತು. ಬೆಲೆ ಜಾಸ್ತಿಯೇ, ಆದರೆ ನನ್ನ ಕೈಗೆ ಎಟುಕದಷ್ಟೇನೂ ಅಲ್ಲ. ತೆಗೆದುಕೊಂಡು ಬಂದಿದ್ದರೆ ಕಥೆಯೇ ಇರುತ್ತಿರಲಿಲ್ಲ.

ನಾನು ಮಾಡಿದ್ದೇನೆಂದರೆ, ಹೊದಿಕೆಯ ಅಂಚು ಎತ್ತಿ ಒಳಗೆ ಇಣುಕಿದೆ. ಕಸುಬಿನ ಚಾಳಿ. ಒಳಗಿದ್ದದ್ದು ಥರ್ಮಾಕೋಲು! ಟಿವಿ ಡಬ್ಬದೊಳಗೆ ಇಡುತ್ತಾರಲ್ಲ, ಅದೇ. ಅದರ ಮೇಲೆ ಬೆರಳ ದಪ್ಪದ ಸ್ಪಂಜು, ಅದರ ಮೇಲೆ ತೆಳು ಬಟ್ಟೆ. ಕೆಳಗೆ ಬರಿಯ ಪ್ಲಾಸ್ಟಿಕ್ಕು. ಹೊಲಿಗೆಯಂತೂ ನನ್ನ ಅಂಗಡಿಯಲ್ಲಿ ಯಾರಾದರೂ ಹಾಗೆ ಹೊಲಿದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದೆ. ನನ್ನ ತಂಗಿಯ ಮಗ ಇದರ ಮೇಲೆ ಕೂರುವುದೇ ಎಂದು ಸಿಟ್ಟು ಬಂತು. ಏಟು ಬಿದ್ದಾಗ ಪುಡಿಯಾಗಿ ಆ ಏಟನ್ನು ತಾನು ನುಂಗಲೆಂದೇ ಥರ್ಮಾಕೋಲು ಇಟ್ಟಿರುತ್ತಾರೆ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆವತ್ತು ಸೇಲ್ಸಿನವನಿಗೆ, "ಇದರ ಅಪ್ಪನಂಥದ್ದು ನಾನೇ ಮಾಡ್ತೀನಿ ಬಿಡಪ್ಪ," ಎಂದು ಹೇಳಿ ಮೆಟ್ಟಿಲಿಳಿದೆ.

ಮಾಡಿಯೂ ಮಾಡಿದೆ. ಹದಿನೈದು ದಿನ ಗಿರಾಕಿಗಳ ಕೆಲಸವನ್ನು ಪಕ್ಕಕ್ಕಿಟ್ಟು ಮಾಡಿದೆ. ದಪ್ಪ ಪ್ಲೈವುಡ್ಡನ್ನು ಮಗುವಿನ ಬೆನ್ನಿಗೆ ಒಪ್ಪುವಂತೆ ಕೊಯಿಸಿ ಜೋಡಿಸಿದೆ. ಎರಡು ಪದರ ಗಟ್ಟಿ ಫೋಮ್ ಅಂಟಿಸಿ ಅದರ ಮೇಲೊಂದು ಪದರ ಮೆತ್ತನೆಯದು ಕೂರಿಸಿದೆ. ನೀಲಿ ಬಟ್ಟೆ, ಅಂಚಿಗೆ ಕೆನೆ ಬಣ್ಣದ ಪೈಪಿಂಗ್, ಅಂದರೆ ಒಳಗೆ ದಾರವಿಟ್ಟು ಹೊಲಿದ ಉಬ್ಬು ಗೆರೆ, ಅಪ್ಪ ಕಲಿಸಿದ ಹಾಗೆಯೇ. ಪಟ್ಟಿಗಳಿಗೆ ಗುಜರಿಯಿಂದ ಅಸಲಿ ಕಾರ್ ಬೆಲ್ಟುಗಳನ್ನೇ ತಂದು, ಒಗೆದು, ಒಣಗಿಸಿ, ಅಳತೆಗೆ ಕತ್ತರಿಸಿದೆ. ಆ ಪಟ್ಟಿಗಳನ್ನು ಪ್ಲೈವುಡ್ಡಿನ ಹಿಂಬದಿಗೆ ಮಡಚಿ, ಚಪ್ಪಟೆ ತಲೆಯ ಸಣ್ಣ ಮೊಳೆಗಳನ್ನು ಒತ್ತೊತ್ತಾಗಿ ಎರಡು ಸಾಲು ಹೊಡೆದೆ. ನಮ್ಮ ಕಸುಬಿನಲ್ಲಿ ಎಲ್ಲ ನಿಲ್ಲುವುದು ಆ ಮೊಳೆಯ ಮೇಲೆಯೇ. ಅಪ್ಪ ಹೊಡೆದ ಮೊಳೆಗಳು ಮೂವತ್ತು ವರ್ಷ ಕಳೆದರೂ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಿರುವುದನ್ನು ನಾನು ನೋಡಿದ್ದೇನೆ. ಬಟ್ಟೆಯನ್ನು ಹಿಡಿದುಕೊಳ್ಳುವುದು ಬೇರೆ, ಓಡುತ್ತಿರುವ ಕಾರಿನಲ್ಲಿ ಹದಿಮೂರು ಕೆಜಿ ಮಗುವನ್ನು ಹಿಡಿದುಕೊಳ್ಳುವುದು ಬೇರೆ ಎಂಬುದು ಹೊಳೆಯಲೇ ಇಲ್ಲ.

ನನ್ನ ಹಳೆಯ ಕಾರಿನಲ್ಲಿ ಹಿಂದಿನ ಸೀಟಿಗೆ ಬೆಲ್ಟ್ ಇರಲಿಲ್ಲ. ಪಕ್ಕದ ಮೆಕ್ಯಾನಿಕ್ಕನ ಕೈಲಿ ನೆಲಕ್ಕೆ ಬೋಲ್ಟ್ ಹಾಕಿಸಿ, ನಟ್ಟು ಬಿಗಿಸಿ, ಮಗುವಿನ ಸೀಟನ್ನು ಕಟ್ಟಲು ಒಂದು ಬೆಲ್ಟ್ ಕೂರಿಸಿದೆ.

ಸೀಟು ಮುಗಿದ ದಿನ ನನ್ನ ಹೆಂಡತಿ ಬಂದು ನೋಡಿದಳು. "ಚೆನ್ನಾಗಿದೆ. ನಾನೇ ಮಾಡಿದ್ದು ಅಂತ ಅವಳಿಗೆ ಹೇಳ್ಬಿಡಿ," ಎಂದಳು.

ಹೇಳಬೇಕೆಂದೇ ಇದ್ದೆ. ಆದರೆ ಹಿತ್ತಲ ಗಿಡ ಮದ್ದಲ್ಲ. ಅಣ್ಣನೇ ಮಾಡಿದ್ದು ಎಂದು ತಿಳಿದರೆ ಅವಳು ಬೇಡ ಅನ್ನುತ್ತಾಳೆ, ಆ ಥರ್ಮಾಕೋಲಿನ ಡಬ್ಬವೇ ಬೇಕು ಅನ್ನುತ್ತಾಳೆ ಎಂದು ಹೆದರಿಕೆ. ಹದಿನೈದು ದಿನದ ಕೆಲಸ ಮೂಲೆ ಸೇರುವುದು ನನಗೆ ಬೇಡವಾಗಿತ್ತು. ಮೊದಲು ಉಪಯೋಗಿಸಲಿ, ಮೆಚ್ಚಿಕೊಳ್ಳಲಿ, ಹೊರಡುವ ದಿನ ಹೇಳಿ ಬೆರಗುಗೊಳಿಸೋಣ ಎಂದುಕೊಂಡೆ.

ದೀಪಾಂಜಲಿ ನಗರದಲ್ಲಿ ಗಾಡಿಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಗೆಳೆಯನೊಬ್ಬನಿದ್ದ. ಅಪ್ಪನ ಸ್ಕೂಟರಿನಲ್ಲಿ ಅವನ ಅಂಗಡಿಗೆ ಹೋಗಿ, ಕಿತ್ತಳೆ ಬಣ್ಣದ ಚೀಟಿ ಬೇಕು ಎಂದೆ. ವೃತ್ತ ಕತ್ತರಿಸಿದ, ಅಕ್ಷರ ಕೂರಿಸಿದ.

"ಕೆಳಗೆ ನಂಬರ್ ಏನ್ ಹಾಕ್ಲಿ ಗುರು?" ಎಂದ.

ನಂಬರಿನ ಬಗ್ಗೆ ನಾನು ಯೋಚಿಸಿರಲಿಲ್ಲ. ಎದುರಿಗೇ ಸ್ಕೂಟರು ನಿಂತಿತ್ತು. "ಅದನ್ನೇ ಹಾಕು," ಎಂದೆ. ಅವನು ಎದ್ದು ಹೋಗಿ ನಂಬರ್ ಪ್ಲೇಟು ನೋಡಿಕೊಂಡು ಬಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗುವನ್ನು ನಾನು ಮರೆಯಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಮರೆಯಲಾಗಿಲ್ಲ.

ತಂಗಿ ಮಗುವಿನೊಂದಿಗೆ ಬಂದಿಳಿದಳು. ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಆಗ ಏರ್‌ಪೋರ್ಟ್ ಊರೊಳಗೇ ಇತ್ತು. ಪಾರ್ಕಿಂಗಿನಲ್ಲಿ ಹಿಂದಿನ ಬಾಗಿಲು ತೆಗೆದು ತೋರಿಸಿದೆ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟು ಒಳಗೆ ಬಗ್ಗಿದಳು. ಪಟ್ಟಿಗಳನ್ನು ಎಳೆದು ನೋಡಿದಳು. ಪೈಪಿಂಗಿನ ಮೇಲೆ ಹೆಬ್ಬೆರಳು ಆಡಿಸಿದಳು. ಚೀಟಿಯ ಹತ್ತಿರ ಮುಖ ತಂದು ಓದಿದಳು.

"ಎಲ್ ಸಿಕ್ತಣ್ಣಾ?"

"ಕಂಟೋನ್ಮೆಂಟಲ್ಲಿ. ಇಂಪೋರ್ಟೆಡ್."

ಅವಳು ತಿರುಗಿ ನನ್ನ ಮುಖ ನೋಡಿದಳು, ನಕ್ಕಳು. "ತುಂಬಾ ಚೆನ್ನಾಗಿದೆ," ಎಂದು ಮಗುವನ್ನು ಕೂರಿಸಿ ಪಟ್ಟಿ ಹಾಕಿದಳು. ಪಾಸಾಯಿತು ಎಂದುಕೊಂಡೆ.

ಮೊದಲ ಹತ್ತು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮಗು ಆ ಸೀಟಿನಲ್ಲಿ ನಿದ್ದೆ ಹೋಗುತ್ತಿತ್ತು. ಇಳಿಸಿದರೆ ಅಳುತ್ತಿತ್ತು. ಬಸವೇಶ್ವರನಗರದ ಚಿಕ್ಕಮ್ಮನ ಮನೆಗೆ ಹೋದಾಗ ಅಕ್ಕಪಕ್ಕದವರೆಲ್ಲ ಬಂದು ಫಾರಿನ್ ಸೀಟು ನೋಡಿ ಹೋದರು. ನಾನು ಬಾನೆಟ್ಟಿಗೆ ಒರಗಿ ನಿಂತು ಕೇಳಿಸಿಕೊಂಡೆ.

ನಂಜನಗೂಡಿಗೆ ಹೊರಟದ್ದು ಒಂದು ಸೋಮವಾರ ಬೆಳಿಗ್ಗೆ. ಕಾರು ಓಡಿಸುತ್ತಿದ್ದವನು ನಾನು. ಪಕ್ಕದಲ್ಲಿ ಅವ್ವ, ನನ್ನ ಹಿಂದೆ ಮಗು, ಅದರ ಪಕ್ಕದಲ್ಲಿ ತಂಗಿ. ಹೆಂಡತಿ ಮರುದಿನ ಬಸ್ಸಿನಲ್ಲಿ ಬರುವವಳಿದ್ದಳು. ಕೆಂಗೇರಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ರಸ್ತೆಗೆ ಹೊಸದಾಗಿ ಒಂದು ಹಂಪ್ ಹಾಕಿದ್ದರು, ಬಣ್ಣ ಬಳಿದಿರಲಿಲ್ಲ. ಮುಂದಿದ್ದ ಟೆಂಪೋದವನು ಕೊನೆ ಗಳಿಗೆಯಲ್ಲಿ ನೋಡಿ ಬ್ರೇಕ್ ಒತ್ತಿದ. ನಾನೂ ಒತ್ತಿದೆ. ಟೆಂಪೋಗೆ ತಾಗಲಿಲ್ಲ, ಗೇಣು ಅಂತರದಲ್ಲಿ ಕಾರು ನಿಂತಿತು. ಅಪಘಾತ ಎಂದು ಯಾರೂ ಕರೆಯದಂಥ ಸಣ್ಣ ಸಂಗತಿ.

ಆದರೆ ಹಿಂದಿನಿಂದ ಪಟಪಟ ಎಂದು ಸದ್ದು ಬಂತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಹಳೆಯ ಸೀಟಿನ ಹೊದಿಕೆ ಕಿತ್ತು ತೆಗೆಯುವಾಗ ಮೊಳೆಗಳು ಸಾಲಾಗಿ ಏಳುವ ಸದ್ದು. ತಿರುಗಿ ನೋಡುವ ಮೊದಲೇ ಏನಾಯಿತೆಂದು ತಿಳಿದುಹೋಯಿತು.

ಮಗು ಮುಂದಕ್ಕೆ ಜಾರಿ ನನ್ನ ಸೀಟಿನ ಹಿಂಬದಿಯ ಕಂಬಿಗೆ ಗದ್ದ ಬಡಿದುಕೊಂಡಿತ್ತು. ಒಂದು ಕ್ಷಣ ಅದರ ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ಆಮೇಲೆ ಬಂತು. ರಕ್ತ ತಂಗಿಯ ಮಡಿಲಿಗೆಲ್ಲ ಹರಿಯಿತು. ಅವ್ವ ನಂಜುಂಡ, ನಂಜುಂಡ ಎಂದು ಕೂಗುತ್ತಿದ್ದಳು. ತಂಗಿ ಮಾತ್ರ ಕೂಗಲಿಲ್ಲ. ಒಂದು ಕೈಯಿಂದ ಗದ್ದ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮಗುವಿನ ಕುತ್ತಿಗೆ, ತಲೆ, ಹಲ್ಲು ಎಲ್ಲ ಮುಟ್ಟಿ ನೋಡಿ, "ವಾಪಸ್ ತಿರುಗ್ಸು, ಕೆಂಗೇರಿಗೆ ನಡಿ," ಎಂದಳು.

ಕೆಂಗೇರಿಯ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ನಾಲ್ಕು ಹೊಲಿಗೆ ಹಾಕಿದರು. ನಾನು ಮಗುವಿನ ಕಾಲು ಹಿಡಿದುಕೊಂಡಿದ್ದೆ. ಅಂಥ ಹೊತ್ತಿನಲ್ಲೂ ನನ್ನ ಕಣ್ಣು ಡಾಕ್ಟರ ಕೈಯನ್ನು ನೋಡಿತು, ಹೊಲಿಗೆಗಳ ಅಂತರ ಸಮನಾಗಿದೆಯೇ ಎಂದು ನೋಡಿತು. ಥೂ ನನ್ನ ಕಣ್ಣೇ ಎಂದುಕೊಂಡೆ.

"ಮಗು ಎಲ್ಲಿ ಕೂತಿತ್ತು?" ಎಂದು ಡಾಕ್ಟರು ಕೇಳಿದರು.

"ಕಾರ್ ಸೀಟಲ್ಲೇ ಡಾಕ್ಟ್ರೇ," ಎಂದಳು ತಂಗಿ. "ಬೆಲ್ಟ್ ನಾನು ಸರಿಯಾಗಿ ಹಾಕಿರ್ಲಿಲ್ಲ. ನನ್ನದೇ ತಪ್ಪು."

ನಾನು ಎರಡಡಿ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆದೆ. ಇಲ್ಲ, ಪಟ್ಟಿಯೇ ಕಿತ್ತು ಬಂತು, ಅದು ನಾನು ಹೊಡೆದ ಮೊಳೆ ಎಂದು ಹೇಳಬೇಕಿತ್ತು. ಡಾಕ್ಟರು ನನ್ನ ಕಡೆ ನೋಡಲೂ ನೋಡಿದರು. ನಾನು ಮಗುವಿನ ಕಾಲ್ಚೀಲ ಸರಿಮಾಡತೊಡಗಿದೆ.

ಹೊರಗೆ ಬಂದು ಅವಳು ನನ್ನ ಮೊಬೈಲಿನಲ್ಲಿ ಗಂಡನಿಗೆ ಫೋನ್ ಮಾಡಿದಳು. ಅಲ್ಲಿ ಇನ್ನೂ ನಸುಕು, ಮಲಗಿದ್ದವನನ್ನು ಎಬ್ಬಿಸಿರಬೇಕು. ಅವನ ದನಿ ನಾನು ನಿಂತಲ್ಲಿಗೂ ಕೇಳುತ್ತಿತ್ತು. ನೀನೊಬ್ಬ ನರ್ಸಾ, ದಿನಾ ಕಣ್ಣಾರೆ ನೋಡುವವಳಿಗೆ ಬೆಲ್ಟ್ ಹಾಕಲು ಬರುವುದಿಲ್ಲವಾ ಎಂದೆಲ್ಲ ಅಂದ. ಅವಳು ಒಂದೂ ಎದುರಾಡಲಿಲ್ಲ. "ಹೌದು ರೀ, ನಂದೇ ತಪ್ಪು," ಎಂದು ಮೂರು ಸಲ ಹೇಳಿದಳು. ನಾನು ಕಾರು ತೊಳೆಯಲು ನೀರು ಕೇಳುವ ನೆಪದಲ್ಲಿ ಒಳಗೆ ಹೋದೆ.

ಮನೆಗೆ ಬಂದಮೇಲೆ ಹೆಂಡತಿ ಎಲ್ಲ ಕೇಳಿಕೊಂಡಳು. ಅಂಗಡಿಯ ಹಿಂದೆ ನನ್ನನ್ನು ನಿಲ್ಲಿಸಿ, "ಇವತ್ತಾದ್ರೂ ಹೇಳ್ತೀರೋ ಇಲ್ವೋ?" ಎಂದಳು.

"ಈಗ ಹೇಳಿದ್ರೆ ಗಾಯ ವಾಸಿ ಆಗತ್ತಾ?"

"ಮಗೂದಾಗಲ್ಲ. ಅವರಮ್ಮಂದು ಆಗತ್ತೆ."

ಹೇಳಲಿಲ್ಲ. ತಂಗಿ ಬೈಯುತ್ತಾಳೆಂದು ಹೆದರಿ ಅಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಪ್ಪನ ಅಂಗಡಿಯಲ್ಲಿ ಕೂತು, ಅಪ್ಪನ ಸುತ್ತಿಗೆ ಹಿಡಿದು, ನನ್ನ ಕೆಲಸ ಕಿತ್ತುಹೋಯಿತು ಎಂದು ಬಾಯಿಬಿಟ್ಟು ಹೇಳುವುದಕ್ಕೆ ನನ್ನ ನಾಲಿಗೆ ಏಳಲಿಲ್ಲ. ಅಷ್ಟೇ ಕಾರಣ. ಬೇರೆ ಘನವಾದ ಕಾರಣವೇನೂ ಇಲ್ಲ.

ಮಾರನೆಯ ಮಧ್ಯಾಹ್ನ ತಂಗಿ ಮಲಗಿದ್ದಾಗ ಸೀಟನ್ನು ಅಂಗಡಿಗೆ ತಂದು ನೋಡಿದೆ. ಕಾರಿನಲ್ಲಿ ಮೆಕ್ಯಾನಿಕ್ಕು ಬಿಗಿದ ಬೋಲ್ಟು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಗುಜರಿಯ ಬೆಲ್ಟು ಒಂದು ನೂಲು ಹರಿದಿರಲಿಲ್ಲ. ಎದ್ದು ಬಂದಿದ್ದವು ನನ್ನ ಮೊಳೆಗಳು ಮಾತ್ರ, ಎರಡೂ ಸಾಲು. ಚೀಟಿಯನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದೆ. ಬಟ್ಟೆ, ಫೋಮ್, ಹಲಗೆ ಎಲ್ಲ ಬೇರೆ ಬೇರೆ ಮಾಡಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹದಿನೈದು ದಿನದ ಕೆಲಸ ಕಾಲು ಗಂಟೆಯಲ್ಲಿ ಇಲ್ಲವಾಯಿತು. ಸಂಜೆ ತಂಗಿಗೆ, "ಅಪಶಕುನದ್ದು, ಗುಜರಿಗೆ ಹಾಕ್ಬಿಟ್ಟೆ," ಎಂದೆ. "ಒಳ್ಳೇದಾಯ್ತು ಬಿಡಣ್ಣಾ," ಎಂದಳು.

ಇನ್ನೂ ಒಂದಿದೆ. ಇದನ್ನು ಬರೆಯದೆ ಬಿಟ್ಟುಬಿಡೋಣ ಅನ್ನಿಸಿತ್ತು. ಮಗುವನ್ನು ನೋಡಲು ನೆಂಟರು ಬರತೊಡಗಿದರು. ಬಂದವರೆಲ್ಲ ಹೇಗಾಯಿತು ಎಂದು ಕೇಳುವವರೇ. ತಂಗಿ ತನ್ನದೇ ತಪ್ಪು ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಎರಡು ದಿನ ಕೇಳಿದ ಮೇಲೆ ನನಗೇ ಅದು ನಿಜವಿರಬಹುದು ಅನ್ನಿಸತೊಡಗಿತು. ಬೆಲ್ಟು ಸಡಿಲ ಇದ್ದಿದ್ದರಿಂದಲೇ ಅಷ್ಟು ಜೋರಾಗಿ ಎಳೆದಿರಬೇಕು, ಇಲ್ಲದಿದ್ದರೆ ನನ್ನ ಮೊಳೆ ಏಕೆ ಏಳುತ್ತಿತ್ತು? ಮೂರನೆಯ ದಿನ ಬಸವೇಶ್ವರನಗರದ ಚಿಕ್ಕಮ್ಮ ಬಂದು, "ಅಂಥಾ ಫಾರಿನ್ ಸೀಟು ಹೆಂಗಪ್ಪ ಕೈ ಕೊಡ್ತು?" ಎಂದಾಗ ನಾನೇ ಬಾಯಿ ಹಾಕಿದೆ.

"ಸೀಟಿಂದೇನಿಲ್ಲ ಚಿಕ್ಕಮ್ಮ. ಬೆಲ್ಟ್ ಸ್ವಲ್ಪ ಸಡಿಲ ಬಿಟ್ಟಿದ್ಲು ಅನ್ಸತ್ತೆ."

ತಂಗಿ ಎದುರಿಗೇ ಕೂತು ಮಗುವಿಗೆ ಗಂಜಿ ಕುಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಚಮಚ ಒಂದು ಗಳಿಗೆ ನಿಂತು, ಮತ್ತೆ ಮಗುವಿನ ಬಾಯಿಗೆ ಹೋಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವರು ಅವರಿಬ್ಬರು.

ಜವಳ ನಿಲ್ಲಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ರೈಲಿನಲ್ಲಿ ಹೋದೆವು. ರೈಲಿನಲ್ಲೇ ಹೋಗೋಣ ಅಂದವಳು ತಂಗಿ, ಯಾಕೆಂದು ನಾನು ಕೇಳಲಿಲ್ಲ. ನಂಜನಗೂಡಿನಲ್ಲಿ ಹೊಳೆಯ ಹತ್ತಿರ ಮಣೆಯ ಮೇಲೆ ಕೂತೆ. ಅವ್ವ ನನಗೆ ಹೊಸ ಪಂಚೆ ಉಡಿಸಿದ್ದಳು. ಮಗು ನನ್ನನ್ನು ನೋಡಿದರೆ ಹೆದರಿ ಅತ್ತೀತು ಎಂದು ಕಾಯುತ್ತಿದ್ದೆ. ಅತ್ತಿದ್ದರೆ ಚೆನ್ನಾಗಿತ್ತು. ಅದು ಓಡಿ ಬಂದು ತೊಡೆಯ ಮೇಲೆ ಕೂತು, ನನ್ನ ಎರಡೂ ಕೈಗಳನ್ನು ತಾನೇ ಎಳೆದು ಹೊಟ್ಟೆಯ ಸುತ್ತ ಹಾಕಿಕೊಂಡಿತು. ಕಾರಿನ ಪಟ್ಟಿ ಹಾಕಿಸಿಕೊಂಡು ಅಭ್ಯಾಸವಾದ ಮಗು.

"ಅಲ್ಲಾಡದಂಗೆ ಗಟ್ಟಿಯಾಗಿ ಹಿಡ್ಕಳಿ ಸಾಮಿ," ಎಂದ ಕತ್ತಿ ಮಸೆಯುತ್ತಿದ್ದವನು.

ಹಿಡಿದುಕೊಂಡೆ. ಗದ್ದದ ಮೇಲಿನ ಹೊಸ ಚರ್ಮ ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು. ಕಣ್ಣಲ್ಲಿ ನೀರು ಬಂತು. ಸೋದರಮಾವನ ಪ್ರೀತಿ ನೋಡಿ ಎಂದು ಯಾರೋ ಹಿಂದಿನಿಂದ ಅಂದರು.

ಹೊರಡುವ ದಿನ ಹೇಳಿ ಬೆರಗುಗೊಳಿಸಬೇಕೆಂದಿದ್ದವನು ಹೊರಡುವ ದಿನವೂ ಹೇಳಲಿಲ್ಲ. ಏರ್‌ಪೋರ್ಟಿಗೆ ತಂಗಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ಕೈಗಳಿಂದ ಅವುಚಿಕೊಂಡು ಬಂದಳು.

ಅವಳು ಮತ್ತೆ ಬಂದದ್ದು ಮೂರು ವರ್ಷದ ಮೇಲೆ, ದೇವನಹಳ್ಳಿಯ ಹೊಸ ಏರ್‌ಪೋರ್ಟಿಗೆ. ಈ ಸಲವೂ ಮಗನ ಜೊತೆ ಅವಳೊಬ್ಬಳೇ. ಟ್ರಾಲಿಯಲ್ಲಿ ದೊಡ್ಡ ರಟ್ಟಿನ ಡಬ್ಬವೊಂದಿತ್ತು. ಲಗೇಜಲ್ಲಿ ಹಾಕಿದರೆ ಎಸೆಯುತ್ತಾರೆ ಅಂದಿದ್ದವಳೇ, "ಸೀಟು ಅಲ್ಲಿಂದ್ಲೇ ತಂದೆ ಅಣ್ಣಾ. ತಪ್ಪು ತಿಳ್ಕೋಬೇಡ," ಎಂದಳು. ಹುಡುಗ ಉದ್ದ ಬೆಳೆದಿದ್ದ. ನಕ್ಕಾಗ ಗದ್ದದ ಗೆರೆ ಬೆಳ್ಳಗೆ ಕಾಣುತ್ತಿತ್ತು. ಕೇಳಿದವರಿಗೆ, "ಅಮ್ಮ ಬೆಲ್ಟ್ ಮರ್ತಿದ್ರು," ಎಂದು ತನ್ನ ತೊದಲು ಕನ್ನಡದಲ್ಲಿ ಹೇಳುತ್ತಿದ್ದ. ಅವನಿಗೆ ಹಾಗೆಂದೇ ಹೇಳಿಕೊಟ್ಟಿದ್ದರು.

ಆ ಸಲ ಅವಳು ಇದ್ದಾಗಲೇ ಅಪ್ಪನ ಸ್ಕೂಟರನ್ನು ಗುಜರಿಗೆ ಕೊಡುವುದೆಂದಾಯಿತು. ಎಂಜಿನ್ ಕೈಕೊಟ್ಟು ವರ್ಷವಾಗಿತ್ತು, ಅಂಗಡಿಯ ಮುಂದೆ ಜಾಗ ತಿನ್ನುತ್ತಾ ನಿಂತಿತ್ತು. ಗುಜರಿಯವನು ಬರುವುದರೊಳಗೆ ತಂಗಿ ಒದ್ದೆ ಬಟ್ಟೆ ತಂದು ಒರೆಸತೊಡಗಿದಳು. ಹೋಗುವ ಗಾಡಿಯನ್ನು ಏಕೆ ಒರೆಸುತ್ತೀಯೇ ಎಂದು ನಾನು ನಗುತ್ತಿದ್ದೆ. ಮುಂದಿನ ನಂಬರ್ ಪ್ಲೇಟನ್ನು ಉಜ್ಜಿ, ಅಂಕಿಗಳು ಕಂಡ ಮೇಲೆ, ಅವಳು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

"ಈ ನಂಬರ್ನ ನಾನು ಬೇರೆ ಕಡೆನೂ ಓದಿದೀನಿ ಅಣ್ಣಾ," ಎಂದಳು.

ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

"ಏರ್‌ಪೋರ್ಟ್ ಪಾರ್ಕಿಂಗಲ್ಲಿ. ಕಿತ್ತಳೆ ಚೀಟೀಲಿ. ಇದರ ಮುಂದೆ ನಿಂತ್ಕೊಂಡು ಆರು ವರ್ಷ ಸ್ಕೂಲಿಗೆ ಹೋದೋಳು ನಾನು. ಈ ನಂಬರ್ ಮರೀತೀನಾ?"

"ಆವತ್ತೇ ಗೊತ್ತಾಯ್ತಾ?"

"ಆವತ್ತೇ. ಪೈಪಿಂಗ್ ಮುಟ್ಟಿದಾಗ್ಲೇ ಡೌಟು. ಚೀಟಿ ನೋಡಿ ನಗು ಬಂತು."

"ಮತ್ಯಾಕೆ ಕೂರಿಸ್ದೆ?" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ಅಷ್ಟೆಲ್ಲಾ ಗೊತ್ತಿದ್ದೋಳು, ಕ್ಯಾಶುವಾಲ್ಟೀಲಿ ನೋಡಿದೀನಿ ಅಂದೋಳು, ಯಾಕೆ ಕೂರಿಸ್ದೆ?"

ಅವಳು ಬಟ್ಟೆಯನ್ನು ಹಿಂಡಿದಳು. "ನೀನು ಮಾಡಿದ್ದು ಅಂತ," ಎಂದಳು. "ಬೇರೆ ಯಾರು ಮಾಡಿದ್ರೂ ಮುಟ್ತಿರ್ಲಿಲ್ಲ. ನಮ್ಮಣ್ಣ ಮಾಡಿರೋದು, ಕಿತ್ಹೋಗಲ್ಲ ಅಂತ. ಅದು ತಪ್ಪು. ಅದಕ್ಕೇ ನಂದೇ ತಪ್ಪು ಅಂದೆ. ಸುಳ್ಳು ಹೇಳ್ಲಿಲ್ಲ ನಾನು."

ಮೂರು ವರ್ಷ ನಾನು ಅಂದುಕೊಂಡಿದ್ದು, ಅವಳು ನನ್ನ ಸುಳ್ಳನ್ನು ನಂಬಿ ಮೋಸಹೋದಳು ಎಂದು. ಅವಳು ಸುಳ್ಳನ್ನು ನಂಬಿರಲೇ ಇಲ್ಲ. ನಂಬಿದ್ದು ನನ್ನ ಕೈಯನ್ನು. ಚಿಕ್ಕಮ್ಮನ ಎದುರಿಗೆ ನಾನು ಬೆಲ್ಟ್ ಸಡಿಲ ಬಿಟ್ಟಿದ್ಲು ಅಂದಾಗ, ಎಲ್ಲ ತಿಳಿದೂ ಗಂಜಿ ಕುಡಿಸುತ್ತಾ ಕೂತಿದ್ದಳು.

"ನಿನ್ನ ಯಜಮಾನ್ರಿಗೆ ಗೊತ್ತಾ?"

"ಇಲ್ಲ. ಏನಂತ ಹೇಳ್ಲಿ? ಅವ್ರ ಮುಂದೆ ನಿನ್ನ ಮುಖ ಉಳೀಬೇಕಲ್ಲ." ಎದ್ದು ನಿಂತು ಸೀರೆಗೆ ಕೈ ಒರೆಸಿಕೊಂಡಳು. "ಇವತ್ತಿಗೂ ನಾನು ಪಾಪುಗೆ ಬೆಲ್ಟ್ ಹಾಕಿದ್ಮೇಲೆ ಅವ್ರು ಬಂದು ಇನ್ನೊಂದ್ಸಲ ಎಳೆದು ನೋಡ್ತಾರೆ. ಏನೂ ಅನ್ನಲ್ಲ. ಬರೀ ಎಳೆದು ನೋಡ್ತಾರೆ."

ಆ ಮಾತು ಕೇಳಿದ ಮೇಲೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಅವಳನ್ನು ಒಳಗೆ ಕರೆದುಕೊಂಡು ಹೋಗಿ, "ಅವ್ರಿಗೆ ಫೋನ್ ಹಾಕ್ಕೊಡು," ಎಂದೆ. ಬೇಡ ಎಂದಳು. ಹಟ ಮಾಡಿದೆ. ಹಾಕಿಕೊಟ್ಟಳು.

"ಭಾವ, ಆ ಸೀಟು ಅಂಗಡೀದಲ್ಲ," ಎಂದೆ. "ನಾನು ಮಾಡಿದ್ದು. ಚೀಟೀನೂ ನಾನೇ ಮಾಡಿಸಿದ್ದು. ಬೆಲ್ಟ್ ಅವಳು ಸರಿಯಾಗೇ ಹಾಕಿದ್ಲು. ನನ್ನ ಮೊಳೆ ಎದ್ದು ಬಂದಿದ್ದು."

ಬೈಯುತ್ತಾನೆ ಎಂದುಕೊಂಡು ಕ್ಷಮೆ ಕೇಳುವ ಮಾತು ಹುಡುಕುತ್ತಿದ್ದೆ.

"ಫೋನ್ ಅವಳಿಗೆ ಕೊಡಿ," ಎಂದ ಅವನು.

ಅವಳು ಫೋನ್ ಹಿಡಿದು ಗೋಡೆಯ ಕಡೆ ತಿರುಗಿ ನಿಂತಳು. ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ, ಈ ಸಲ ಅವನು ಕೂಗಾಡುತ್ತಿರಲಿಲ್ಲ. ಅವಳು ಹೂಂ ಅಂದಳು, ಇನ್ನೊಮ್ಮೆ ಹೂಂ ಅಂದಳು. ಆಮೇಲೆ ಏನೂ ಅನ್ನಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗುವಿನ ರಕ್ತ ಮಡಿಲಿಗೆ ಹರಿದ ದಿನವೂ ಅಳದಿದ್ದವಳು, ಬೆನ್ನು ಅಲುಗುವಂತೆ ಅಳತೊಡಗಿದಳು.

ಹೊರಗೆ ಗುಜರಿಯವನು ಬಂದು, "ಅಣ್ಣ, ಗಾಡಿ ಎತ್ಕೊಳ್ಲಾ?" ಎಂದು ಕೂಗಿದ. ಅವಳು ಫೋನ್ ಇಟ್ಟು, ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ಇಷ್ಟೇ ಮಾತು," ಎಂದಳು. "ಇಷ್ಟು ಹೇಳಕ್ಕೆ ಮೂರು ವರ್ಷ ಬೇಕಾಯ್ತಾ ಅಣ್ಣಾ ನಿಂಗೆ?"

ಹೊರಗೆ ಹೋಗಿ ಸ್ಕೂಟರಿನ ಒಂದು ಕಡೆಗೆ ಕೈ ಕೊಟ್ಟು, ಅದನ್ನು ಗುಜರಿಯವನ ಗಾಡಿಗೆ ಎತ್ತಿ ಹಾಕಿದೆ.